ಒಂದು ಕಾಲಿಗೆ ಚಪ್ಪಲಿಯಿಲ್ಲದ ಗೊಂಬೆ

ಕ್ರಿಸ್‌ಮಸ್ ಹತ್ತಿರ ಬಂತೆಂದು ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಹೊಸ ಬಣ್ಣದ ಘಾಟಿನ ನಡುವೆ ಇವತ್ತು ಬೆಳಿಗ್ಗೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು, ಹಳೆಯ ಚರ್ಮದ್ದು. ಹಾಲ್‌ನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದ ತೊಗಲುಗೊಂಬೆಯನ್ನು ಬಣ್ಣದವರು ತೆಗೆದು ನನ್ನ ಕೈಗೆ ಕೊಟ್ಟಿದ್ದರು. ಮೊಳದುದ್ದದ ಹೆಂಗಸಿನ ಗೊಂಬೆ. ಆರು ವರ್ಷದ ಹಿಂದೆ ನಮ್ಮ ಯಜಮಾನರು ಕೊಟ್ಟ ಉಡುಗೊರೆ. ಅದರ ಕಥೆ ಹೇಳಬೇಕಾದರೆ ಮೊದಲು ನನ್ನದೊಂದು ಕೆಟ್ಟ ಚಾಳಿಯ ವಿಷಯ ಹೇಳಬೇಕು. ಹೇಳುತ್ತೇನೆ, ನೀವೇನು ಹೊರಗಿನವರೇ?

ಗಂಡ ಏನಾದರೂ ತಂದುಕೊಟ್ಟರೆ ಬೇರೆ ಹೆಂಗಸರು "ಇದೆಲ್ಲ ಯಾಕೆ ತರೋಕ್ ಹೋದ್ರಿ" ಎಂದು ಬಾಯಿಮಾತಿಗೆ ಅಂದು ಒಳಗೊಳಗೇ ಖುಷಿಪಡುತ್ತಾರೆ. ನಾನು ಪೊಟ್ಟಣ ಬಿಚ್ಚುವ ಮೊದಲೇ "ಬದಲಾಯಿಸಿ ಕೊಡ್ತಾರಂತಾ?" ಎಂದು ಕೇಳುತ್ತೇನೆ. ಮದುವೆಯಾದ ಮೊದಲ ವರ್ಷ ಗಿಣಿಹಸಿರು ಸೀರೆ ತಂದರು, ಅದು ಮೂರೇ ದಿನದಲ್ಲಿ ಮೆರೂನ್ ಸೀರೆಯಾಯಿತು. ಕೈಗಡಿಯಾರ ಹೋಗಿ ಗೋಡೆಗಡಿಯಾರ ಬಂತು. ಒಮ್ಮೆ ಪುಸ್ತಕವಿಟ್ಟು ಓದುವ ಮರದ ಪೀಠ ತಂದಿದ್ದರು. ಅದನ್ನು ವಾಪಸ್ಸು ಕೊಟ್ಟು ಬೀಗದ ಕೈ ನೇತುಹಾಕುವ ಹಲಗೆ ತಂದೆ. ಆಮೇಲೆ ಎಷ್ಟೋ ವರ್ಷ ಚರ್ಚಿನಲ್ಲಿ ಹಾಡಿನ ಪುಸ್ತಕದ ಮೇಲೆ ಬಗ್ಗಿ ಬಗ್ಗಿ ಕತ್ತು ನೋವು ಬರಿಸಿಕೊಂಡೆ. ಆ ಪೀಠವನ್ನು ಅವರು ಯಾಕೆ ತಂದಿದ್ದರೆಂಬುದು ಮೂಳೆ ಡಾಕ್ಟರ ಎದುರು ಕೂತಾಗ ಹೊಳೆಯಿತು. ಹೊಳೆದದ್ದನ್ನು ಮನೆಯಲ್ಲಿ ಹೇಳಲಿಲ್ಲ ಬಿಡಿ.

ಅಂಗಡಿಗೆ ನನ್ನ ಜೊತೆ ಅವರೂ ಬರುತ್ತಿದ್ದರು. ನಾನು ಕೌಂಟರಿನಲ್ಲಿ ವಾದ ಮಾಡುವಾಗ ಸ್ಟೂಲಿನ ಮೇಲೆ ಕೂತು ಬೀದಿ ನೋಡುತ್ತಿದ್ದರು. ಬೇಜಾರಾಯಿತೋ ಇಲ್ಲವೋ ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಅವರಿಗೆ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವರ ಕಣ್ಣಿಗೆ ಬೀಳುತ್ತದೆಂದು ಜೊತೆಯವರು ಹೊಗಳುತ್ತಿದ್ದರು. ಮನೆಯಲ್ಲಿ ಗ್ಯಾಸ್ ಮುಗಿದರೂ ಕಾಣದ ಕಣ್ಣು ಅದು ಎಂದು ನಾನು ನಗಾಡುತ್ತಿದ್ದೆ.

ನಮ್ಮ ಇಪ್ಪತ್ತೈದನೇ ಮದುವೆ ದಿನಕ್ಕೆ ಅವರು ಬರಿಗೈಯಲ್ಲಿ ಬಂದರು. "ಭಾನುವಾರ ಸಂಜೆ ರೆಡಿ ಆಗಿರು. ಇದನ್ನ ಮಾತ್ರ ಬದಲಾಯಿಸೋಕಾಗಲ್ಲ ಕಣೇ" ಎಂದರು. ಹೋಗಿ ನೋಡಿದರೆ ಯಾದವಗಿರಿಯ ಒಂದು ಹಳೇ ಬಂಗಲೆ. ಅದರ ಜಗಲಿಯನ್ನು ಕಾಫಿ ಕುಡಿಯುವ ಜಾಗ ಮಾಡಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಊರಿನವರೇ ನಾಲ್ಕು ಜನ ಅಲ್ಲಿ ಜಾಜ್ ನುಡಿಸುತ್ತಾರೆ. ಸ್ಯಾಕ್ಸಫೋನ್ ಊದುವವರು ಹಲ್ಲಿನ ಡಾಕ್ಟರು, ಡ್ರಮ್ಸ್ ಒಬ್ಬರು ಶಾಲೆಯ ಡ್ರಿಲ್ ಮೇಷ್ಟ್ರದ್ದು. ನಮ್ಮವರ ಸೋದರಮಾವ ಹಿಂದೆ ಮದುವೆ ಮನೆಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರಂತೆ. ಹಾಗಾಗಿ ಈ ಹುಚ್ಚು ಇವರಿಗೆ ಚಿಕ್ಕಂದಿನದು.

ನಾನೋ ಚರ್ಚಿನ ಕ್ವಾಯರಿನಲ್ಲಿ ಬೆಳೆದವಳು. ಅಲ್ಲಿ ಇಪ್ಪತ್ತು ಜನ ಹಾಡಿದರೂ ಒಬ್ಬರೇ ಹಾಡಿದಂತಿರಬೇಕು, ಪುಸ್ತಕದಲ್ಲಿ ಇಲ್ಲದ್ದು ಬಾಯಲ್ಲಿ ಬರಕೂಡದು. ತಾಳಕ್ಕೆ ಕಾಲು ಕುಣಿಸಿದರೂ ನಮ್ಮ ಮೇಷ್ಟ್ರು ಹಾಡು ನಿಲ್ಲಿಸಿ, "ಯಾರದಮ್ಮ ಆ ಕಾಲು? ಸುಮ್ನಿರ್ಲಿ" ಎಂದು ಗದರುತ್ತಿದ್ದರು. ಆ ಕಾಲು ಯಾವಾಗಲೂ ನನ್ನದೇ. ಕೊನೆಗೆ ಉಪಾಯ ಕಂಡುಕೊಂಡೆ. ಬಲಗಾಲಿನ ಚಪ್ಪಲಿ ಕಳಚಿಟ್ಟು, ಸೀರೆ ನೆರಿಗೆಯ ಮರೆಯಲ್ಲಿ ಬರೀ ಹೆಬ್ಬೆರಳಿನಿಂದ ತಾಳ ಹಾಕುವುದು. ಸದ್ದಾಗುತ್ತಿರಲಿಲ್ಲ, ಮೂವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಅಂಥವಳಿಗೆ ಈ ಜಾಜ್ ಹೇಗೆ ಹಿಡಿಸಬೇಕು? ಒಬ್ಬರು ಒಂದು ಕಡೆ ಹೋದರೆ ಇನ್ನೊಬ್ಬರು ಇನ್ನೊಂದು ಕಡೆ. ಹಾಡು ಎಲ್ಲೋ ಕಳೆದುಹೋಯಿತು ಎನ್ನುವಷ್ಟರಲ್ಲಿ ಎಲ್ಲರೂ ಮಾತಾಡಿಕೊಂಡವರ ಹಾಗೆ ಒಟ್ಟಿಗೆ ಬಂದು ಸೇರುತ್ತಾರೆ.

"ಇವ್ರಿಗೆ ಇನ್ನೂ ಅಭ್ಯಾಸ ಸಾಲ್ದೇನ್ರೀ?" ಎಂದೆ.

"ಅಭ್ಯಾಸ ಜಾಸ್ತಿ ಆಗಿರೋದಕ್ಕೇ ಹಂಗೆ ನುಡಿಸ್ತಾರೆ. ಕಾಫಿ ಕುಡಿ" ಎಂದರು.

ಅಲ್ಲಿಂದ ಪ್ರತಿ ತಿಂಗಳೂ ಹೋಗಿದ್ದೇವೆ. ಬೇಕಾದಾಗ ಎದ್ದು ಬರಬಹುದೆಂದು ನಾನು ಗೇಟಿನ ಪಕ್ಕದ ಕುರ್ಚಿಯನ್ನೇ ಹಿಡಿಯುತ್ತಿದ್ದೆ. ಒಂದು ದಿನವೂ ಮಧ್ಯದಲ್ಲಿ ಎದ್ದು ಬರಲಿಲ್ಲ, ಆ ಮಾತು ಬೇರೆ. ಕೇಳಿದವರಿಗೆಲ್ಲ "ಅವರಿಗೆ ಹುಚ್ಚು ಕಣ್ರೀ, ನಾನು ಜೊತೆಗೆ ಹೋಗ್ತೀನಿ ಅಷ್ಟೇ. ಅಲ್ಲಿ ಕೇಕ್ ಚೆನ್ನಾಗಿರುತ್ತೆ" ಎನ್ನುತ್ತಿದ್ದೆ.

ಈಗ ಗೊಂಬೆಗೆ ಬರೋಣ. ಆರು ವರ್ಷದ ಹಿಂದೆ ಊರಿನಲ್ಲಿ ಜನಪದ ಕಲೆಗಳ ಮೇಳವೊಂದು ನಡೆದಿತ್ತು. ನಾಗಮಂಗಲದ ಕಡೆಯ ಒಬ್ಬ ಹಿರಿಯರು ಅಲ್ಲಿ ಕೂತು ತೊಗಲುಗೊಂಬೆ ಮಾಡುತ್ತಿದ್ದರು. ಹದ ಮಾಡಿದ ಮೇಕೆ ಚರ್ಮವನ್ನು ಉಳಿಯಿಂದ ಕೊರೆದು ಬಣ್ಣ ತುಂಬುವುದು. ನಮ್ಮವರು ನಾಲ್ಕು ದಿನ ಬಿಡದೆ ಹೋಗಿ ಅವರ ಪಕ್ಕದಲ್ಲಿ ಕೂತು ಬಂದರು. ರಿಟೈರಾದವರಿಗೆ ಇನ್ನೇನು ಕೆಲಸ ಎಂದು ನಾನು ಸುಮ್ಮನಿದ್ದೆ. ಐದನೇ ದಿನ ಹಳೇ ಪೇಪರಿನಲ್ಲಿ ಸುತ್ತಿದ ಗೊಂಬೆಯನ್ನು ತಂದು ನನ್ನ ಮುಂದೆ ಹಿಡಿದರು. ಅಷ್ಟು ನಗುಮುಖ ಅವರಿಗೆ ಬರುವುದೇ ಅಪರೂಪ.

ತಿರುಗಿಸಿ ನೋಡಿದೆ. ಕಪ್ಪುಕಪ್ಪಾಗಿತ್ತು. ದೊಡ್ಡ ಕಣ್ಣು, ಪಕ್ಕಕ್ಕೆ ತಿರುಗಿದ ಮುಖ. ಸೀತೆಯೋ ಮಂಡೋದರಿಯೋ ಇರಬೇಕು ಅಂದುಕೊಂಡೆ. ಕಣ್ಣು ಕೆಳಗಿಳಿಯಿತು.

"ಏನ್ರೀ ಇದು, ಒಂದು ಕಾಲಿಗೆ ಚಪ್ಪಲಿನೇ ಇಲ್ಲ! ಮರ್ತುಬುಟ್ಟಿದ್ದಾರೆ ನೋಡಿ. ಬದಲಾಯಿಸಿ ಕೊಡ್ತಾರಂತಾ? ಒಂದು ನವಿಲಾದ್ರೂ ಕೊಡ್ಲಿ."

ಅವರ ನಗು ಅಲ್ಲೇ ನಿಂತಿತು. "ಕೇಳ್ತೀನಿ ಬುಡು" ಎಂದು ಪೇಪರ್ ಮಡಿಸತೊಡಗಿದರು. ಮೇಳ ಮುಗಿಯಿತು, ನವಿಲು ಬರಲಿಲ್ಲ. ಗೊಂಬೆ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಆಮೇಲೆ ಅವರು ನನಗೆ ಏನೂ ತಂದುಕೊಡಲಿಲ್ಲ. ಸದ್ಯ, ಅಂಗಡಿ ಅಲೆಯುವುದು ತಪ್ಪಿತು ಎಂದುಕೊಂಡೆನೇ ಹೊರತು ಯಾಕೆಂದು ಯೋಚಿಸಲಿಲ್ಲ.

ಇವತ್ತು ಬೆಳಿಗ್ಗೆ ಗೊಂಬೆಯ ಧೂಳು ಒರೆಸಲೆಂದು ಕಿಟಕಿಯ ಹತ್ತಿರ ಹೋದೆ. ಕಿಟಕಿಗೆ ಪರದೆ ಇರಲಿಲ್ಲ, ಬಿಸಿಲು ನೇರ ಬೀಳುತ್ತಿತ್ತು. ಬಟ್ಟೆ ಹಿಡಿದು ಗೊಂಬೆಯನ್ನು ಮೇಲೆತ್ತಿದೆ. ಕಪ್ಪಾಗಿದ್ದ ಚರ್ಮದೊಳಗೆ ಬೆಳಕು ತೂರಿ ಬಣ್ಣ ಹೊತ್ತಿಕೊಂಡಿತು. ತೊಗಲುಗೊಂಬೆಯನ್ನು ನೋಡಬೇಕಾದದ್ದು ಹಾಗೆ, ಹಿಂದಿನಿಂದ ಬೆಳಕು ಬಿಟ್ಟು. ಅಷ್ಟು ತಿಳಿವಳಿಕೆ ನನಗಿರಲಿಲ್ಲ. ಸೀರೆ ಗಿಣಿಹಸಿರು. ದೊಡ್ಡ ಕಣ್ಣು ಎಂದುಕೊಂಡಿದ್ದು ಕನ್ನಡಕ. ಗಲ್ಲದ ಮೇಲೆ ಉಳಿಯ ತುದಿಯಲ್ಲಿ ಚುಚ್ಚಿದ ಒಂದು ಚುಕ್ಕಿ. ನನ್ನ ಗಲ್ಲದ ಮಚ್ಚೆಯೂ ಅಲ್ಲೇ ಇದೆ. ಹೆಂಗಸು ಕೂತಿರುವುದು ಬೆತ್ತದ ಕುರ್ಚಿಯ ಮೇಲೆ, ಆ ಜಗಲಿಯ ಕುರ್ಚಿ. ಎಡಗಾಲಿಗೆ ಚಪ್ಪಲಿ ಇದೆ. ಬಲಗಾಲು ಬರಿಗಾಲು, ಹೆಬ್ಬೆರಳು ಮಾತ್ರ ಮೇಲೆದ್ದಿದೆ.

ಅಲ್ಲೇ ಕೂತುಬಿಟ್ಟೆ. ಜಾಜ್ ನನಗೆ ಇಷ್ಟವಿಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಕಾಲು ಬೇರೆಯದೇ ಹೇಳುತ್ತಿತ್ತು, ಅದನ್ನು ನೋಡಿದವರು ಅವರೊಬ್ಬರೇ. ನೋಡಿದ್ದನ್ನು ನಾಲ್ಕು ದಿನ ಕೂತು ಆ ಹಿರಿಯರಿಗೆ ವಿವರಿಸಿ ಮಾಡಿಸಿ ತಂದರೆ, ನಾನು ನನ್ನನ್ನೇ ಕೊಟ್ಟು ನವಿಲು ತನ್ನಿ ಎಂದಿದ್ದೆ. ನಾಚಿಕೆಯಾಯಿತು. ಅಳುವೂ ಬಂತು. ಬಣ್ಣದವರು "ಘಾಟು ಜಾಸ್ತಿ ಆಯ್ತೇನಮ್ಮ?" ಎಂದು ಕೇಳಿದರು, ಹೌದಪ್ಪ ಎಂದೆ.

ನಮ್ಮವರು ತರಕಾರಿ ಚೀಲ ಹಿಡಿದು ಬಂದವರು ನನ್ನ ಮಡಿಲಲ್ಲಿದ್ದ ಗೊಂಬೆ ನೋಡಿ ಬಾಗಿಲಲ್ಲೇ ನಿಂತರು.

"ಆವತ್ತು ಬದಲಾಯಿಸಿ ಕೊಡ್ತಾರಾ ಕೇಳಿ ಅಂದಿದ್ನಲ್ಲ, ಕೇಳಿದ್ರಾ?" ಎಂದೆ.

"ಇಲ್ಲ."

"ಯಾಕೆ?"

ಚೀಲ ಕೆಳಗಿಟ್ಟರು. "ಅವ್ರು ಹೂಂ ಅಂದ್ಬುಟ್ಟಿದ್ರೆ?" ಎಂದರು.

ಹೆಚ್ಚು ಹೊತ್ತು ನಿಲ್ಲದೆ ಸೊಪ್ಪನ್ನು ಅಡುಗೆಮನೆಗೆ ಒಯ್ದರು. ಸಂಜೆ ಬಣ್ಣದವರು ಮೊಳೆ ಮತ್ತೆ ಅಲ್ಲೇ ಹೊಡೆಯಬೇಕಾ ಎಂದು ಕೇಳಿದಾಗ, ಬೇಡ, ಕಿಟಕಿಯ ಸರಳಿಗೆ ಕಟ್ಟಿಕೊಡಿ ಎಂದೆ. ಈಗ ಅದು ಅಲ್ಲಿದೆ. ನಾಳೆ ಮೊದಲ ಭಾನುವಾರ. ಒಂದರ್ಧ ಗಂಟೆ ಮುಂಚೆಯೇ ಹೊರಡೋಣ, ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಯಬೇಕು ಎಂದು ಅವರಿಗೆ ಹೇಳಿದ್ದೇನೆ.