ಫೈಲಿನ ಹೆಸರಿಗೆ ರಟ್ಟು ಮುಚ್ಚಿದ ಪ್ರಿಂಟರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಗೇಟು ಅರ್ಧ ಮಾತ್ರ ತೆರೆದಿದೆ. ನೆಲಮಹಡಿಯ ಕೊನೆಯ ಸರ್ವರ್ ಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಚಪ್ಪಲಿ ಹೊರಗೆ ಬಿಟ್ಟು, ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ಮಾನಿಟರಿನ ಮುಂದೆ ಕೂರುತ್ತಾರೆ. ಆ ಮಾನಿಟರ್ ನೋಡಿದರೆ ಯಾರಿಗಾದರೂ ನಗು ಬರುತ್ತದೆ. ಪರದೆಯ ಎಡಭಾಗದಲ್ಲಿ ಉದ್ದಕ್ಕೆ ಒಂದು ರಟ್ಟಿನ ಪಟ್ಟಿ, ಮೇಲೂ ಕೆಳಗೂ ಟೇಪು. ಇವರ ಬಗ್ಗೆ ಬರೆಯಲೆಂದು ಬಂದಿರುವ ನಾನು, ಗಾಜು ಒಡೆದಿದೆಯೇನೋ ಅಂದುಕೊಂಡು ಕೇಳುತ್ತೇನೆ.

"ಒಡೆದಿಲ್ಲ ಮೇಡಂ, ನಾನೇ ಮುಚ್ಚಿದ್ದು. ಅಲ್ಲಿ ಫೈಲಿನ ಹೆಸರು ಕಾಣತ್ತೆ. ಈ ವಾರ ನಂಗದು ಬೇಡ."

ಈ ವಾರ ಪರೀಕ್ಷೆ. ಇವತ್ತು ಗಣಿತ. ಬರೆಯುವವರಲ್ಲಿ ಇವರ ಮಗಳೂ ಒಬ್ಬಳು. ಎರಡು ಸಲ ಕೈಕೊಟ್ಟ ವಿಷಯ ಇದು, ಇನ್ನು ಉಳಿದಿರುವುದು ಒಂದೇ ಅವಕಾಶ. ಪಾಸಾದರೆ ಲ್ಯಾಬ್ ಟೆಕ್ನಿಷಿಯನ್ ತರಬೇತಿಯಲ್ಲಿ ಸೀಟು ಸಿಗುತ್ತದೆ. ಇಲ್ಲದಿದ್ದರೆ ಓದು ಅಲ್ಲಿಗೇ ನಿಂತಂತೆ.

ಕಾಲೇಜಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಪ್ರಿಂಟರಕ್ಕ ಎಂದೇ. ಪ್ರಿನ್ಸಿಪಾಲರ ಬಾಯಲ್ಲೂ ಅದೇ ಹೆಸರು. ಕೆಲಸ ಕೇಳಲು ಸಣ್ಣದು. ನಾವು ಕಂಪ್ಯೂಟರಿನಲ್ಲಿ ಪ್ರಿಂಟ್ ಒತ್ತಿದಾಗ ಅದು ನೆಟ್ಟಗೆ ಪ್ರಿಂಟರಿಗೆ ಹೋಗುವುದಿಲ್ಲ. ಸರ್ವರಿನಲ್ಲಿ ಒಂದು ಪ್ರತಿಯಾಗಿ ಕೂತು ಸರದಿ ಕಾಯುತ್ತದೆ. ಅದಕ್ಕೆ ಸ್ಪೂಲ್ ಫೈಲ್ ಎನ್ನುತ್ತಾರೆ. ಪ್ರಿಂಟ್ ಆದ ಮೇಲೆ ತಾನಾಗಿ ಅಳಿಯಬೇಕು. ಆದರೆ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೆ, ಯಾರೋ ಸ್ವಿಚ್ ಆರಿಸಿ ಮನೆಗೆ ಹೋದರೆ, ಅದು ಅಲ್ಲೇ ಉಳಿಯುತ್ತದೆ. ಬೆಳಿಗ್ಗೆ ಪ್ರಿಂಟರಿಗೆ ಕರೆಂಟು ಬಂದದ್ದೇ ತಡ, ಯಾರೂ ಕೇಳದಿದ್ದರೂ ನಿನ್ನೆಯದನ್ನೆಲ್ಲ ಕಕ್ಕಲು ಶುರು ಮಾಡುತ್ತದೆ.

"ಒಂದು ಸಲ ಬರ್ಲಿಲ್ಲ ಅಂದ್ರೆ ಮೇಷ್ಟ್ರುಗಳು ಸಿಟ್ಟಲ್ಲಿ ಹತ್ತು ಸಲ ಒತ್ತುತ್ತಾರೆ. ಆಮೇಲೆ ಪಕ್ಕದ ಪ್ರಿಂಟರಲ್ಲಿ ತಗೊಂಡು ಆರಾಮಾಗಿ ಮನೆಗೆ ಹೋಗ್ತಾರೆ. ಆ ಹತ್ತೂ ನನ್ನ ತಲೆ ಮೇಲೆ!"

ಯಾರೋ ತಮ್ಮ ಮಗುವಿಗೆಂದು ಕಳಿಸಿ ಮರೆತ ಬಣ್ಣ ತುಂಬುವ ಆನೆ ಒಮ್ಮೆ ಬೆಳ್ಳಂಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಲವತ್ತು ಪ್ರತಿ ಬಂದಿತ್ತಂತೆ. ಇದೆಲ್ಲ ಬೇಡವೆಂದು ತಾನಾಗಿ ಅಳಿಸುವ ವ್ಯವಸ್ಥೆಯನ್ನೂ ಹಾಕಿಸಿ ನೋಡಿದರು. ಅದು ಪಾಪ, ಸರದಿಯಲ್ಲಿ ಸುಮ್ಮನೆ ಕಾಯುತ್ತಿದ್ದ ಪ್ರವೇಶಪತ್ರಗಳನ್ನೂ ಸೇರಿಸಿ ಗುಡಿಸಿ ಹಾಕಿತು. ಕೊನೆಗೆ, ಮನುಷ್ಯರೇ ಕೂತು ನೋಡಿ ತೆಗೆಯಲಿ ಎಂದು ತೀರ್ಮಾನವಾಯಿತು. ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ಮಂಡಿ ಸವೆಸಿಕೊಂಡು, ಆಮೇಲೆ ಇಲ್ಲಿ ಟೈಪಿಸ್ಟಾಗಿ ಸೇರಿದ್ದ ಪ್ರಿಂಟರಕ್ಕನ ಹೆಗಲಿಗೆ ಅದು ಬಿತ್ತು. ಗಂಡ ಬಸ್ ಚಾಲಕ, ಮೊದಲ ಪಾಳಿ. ಇಬ್ಬರೂ ಕತ್ತಲಲ್ಲೇ ಮನೆ ಬಿಡುತ್ತಾರೆ.

ಪರೀಕ್ಷೆಯ ವಾರದಲ್ಲಿ ಮಾತ್ರ ಉಳಿಯುವುದು ಆನೆಯಲ್ಲ, ಪ್ರಶ್ನೆಪತ್ರಿಕೆ. ಗುಡಿಸುವವರು ಬಂದು ಕಾರಿಡಾರಿನ ಮೇನ್ ಸ್ವಿಚ್ ಹಾಕುವುದರೊಳಗೆ ಅದನ್ನು ತೆಗೆಯದಿದ್ದರೆ, ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲಿ ಹಾಳೆ ಬಂದು ಬೀಳುತ್ತದೆ.

ರಟ್ಟಿನ ಕಥೆ ಹೋದ ವರ್ಷದ್ದು. ಗಣಿತ ಪರೀಕ್ಷೆಗೆ ಒಂದು ದಿನ ಮುಂಚೆ ಉಳಿದಿದ್ದ ಫೈಲೊಂದಕ್ಕೆ ಮೇಷ್ಟ್ರು ಇಟ್ಟಿದ್ದ ಹೆಸರು, 'ಸಂಭವನೀಯತೆಯ ದೊಡ್ಡ ಪ್ರಶ್ನೆ ಸೇರಿಸಿದ್ದು'. ಫೈಲು ತೆರೆಯಬೇಕಾಗಿಯೇ ಇರಲಿಲ್ಲ, ಯಾವ ಅಧ್ಯಾಯದಿಂದ ದೊಡ್ಡ ಪ್ರಶ್ನೆ ಬರುತ್ತದೆಂದು ಹೆಸರೇ ಹೇಳುತ್ತಿತ್ತು. ಅಳಿಸಿದರು. ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೂ ತಿಳಿಸಿದರು. ಪತ್ರಿಕೆ ಬದಲಿಸಲು ಹೊತ್ತಿಲ್ಲ, ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದರು ಅವರು. ಸಂಜೆ ಮನೆಗೆ ಹೋದರೆ ಮಗಳು ಪುಸ್ತಕ ಹರಡಿಕೊಂಡು ಕೂತಿದ್ದಾಳೆ.

"'ಅಮ್ಮಾ, ಈ ಸಂಭವನೀಯತೆ ತಲೆಗೇ ಹತ್ತಲ್ಲ, ಬಿಟ್ಟುಬಿಡ್ತೀನಿ' ಅಂದ್ಲು. ನನ್ನ ಕೈಲಿ ತಟ್ಟೆ ಇತ್ತು. ಏನಂತ ಹೇಳ್ಲಿ ಮೇಡಂ? ಬಿಡಬೇಡ ಅಂದ್ರೂ ಹೇಳಿದ ಹಾಗೇ, ಬಿಡು ಅಂದ್ರೆ ದ್ರೋಹ. ಒಳಗೆ ಹೋಗಿ ನಲ್ಲಿ ಜೋರಾಗಿ ಬಿಟ್ಕೊಂಡು ತೊಳೆದಿದ್ದ ಪಾತ್ರೇನೇ ತೊಳೆದೆ."

ಆ ಅಧ್ಯಾಯ ಓದದೆಯೇ ಪರೀಕ್ಷೆ ಬರೆದು ಮಗಳು ಫೇಲಾದಳು. ಫಲಿತಾಂಶ ಬಂದ ದಿನ ಇವರಿಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟರು. ಮಗಳು ಎಷ್ಟೋ ದಿನ ಮಾತು ಬಿಟ್ಟಿದ್ದಳು. "ಹೆತ್ತ ತಾಯಿ ಹೀಗೂ ಇರ್ತಾಳಾ ಅಂತ ನೆಂಟರೂ ಅಂದ್ರು. ಅನ್ನಲಿ. ಆದ್ರೆ ಇವಳು ನನ್ನ ಕಡೆ ನೋಡ್ತಾನೇ ಇರ್ಲಿಲ್ವಲ್ಲ, ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ," ಎನ್ನುತ್ತಾರೆ ಪ್ರಿಂಟರಕ್ಕ.

ಈ ಸಲ ಈ ಕೆಲಸದಿಂದ ಬಿಡಿಸಿ ಎಂದು ಮೊದಲೇ ಕೇಳಿಕೊಂಡಿದ್ದರು. ಬೇರೆ ಯಾರಿಗೂ ಅಭ್ಯಾಸವಿಲ್ಲ, ವಾಚ್‌ಮನ್ ಪಕ್ಕದಲ್ಲಿ ಕೂತಿರಲಿ, ನೀವೇ ಮಾಡಿ ಎಂದರು ಮುಖ್ಯಸ್ಥರು. ಫೈಲಿಗೆ ಬರೀ ಅಂಕಿಗಳ ಹೆಸರಿಡಿ ಎಂದು ಮೇಷ್ಟ್ರುಗಳಿಗೂ ಹೇಳಿದ್ದಾರೆ. "ಹೇಳಿದ್ದಾರೆ ಸರಿ, ಕೇಳಬೇಕಲ್ಲ," ಎಂದು ಇವರೇ ರಟ್ಟು ಕತ್ತರಿಸಿ ಅಂಟಿಸಿದ್ದಾರೆ. ಈಗ ಕಾಣುವುದು ಯಾರು ಕಳಿಸಿದ್ದು, ಯಾವ ಪ್ರಿಂಟರಿಗೆ, ಯಾವಾಗ, ಎಷ್ಟು ಪುಟ, ಇಷ್ಟೇ. ಅಷ್ಟು ಸಾಕು ಕೆಲಸಕ್ಕೆ.

ಮಗಳು ಮಾಡಿದ ಏರ್ಪಾಡು ಇನ್ನೊಂದು. ಪರೀಕ್ಷೆ ಶುರುವಾಗುವ ಮುಂಚೆಯೇ ಬಟ್ಟೆ, ಪುಸ್ತಕ ತುಂಬಿಕೊಂಡು ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ. "'ನಿನ್ನ ಮುಖ ನೋಡಿದ್ರೆ ನಂಗೆ ಏನೋ ಗೊತ್ತಾದ ಹಾಗಾಗತ್ತೆ, ಫೋನೂ ಮಾಡಬೇಡ' ಅಂದ್ಲು. ಸಿಟ್ಟಲ್ಲಿ ಹೋದ್ಲಾ, ಇಲ್ಲಾ ನನ್ನ ಕಷ್ಟ ಅರ್ಥವಾಗಿ ಹೋದ್ಲಾ, ಅದೇ ತಿಳೀತಿಲ್ಲ. ಒಂದು ವಾರದಿಂದ ಅವಳ ದನಿ ಕೇಳಿಲ್ಲ ನಾನು."

ಮಾತು ಮುಗಿಯುವುದರೊಳಗೆ ಕಾರಿಡಾರಿನಲ್ಲಿ ಪ್ರಿಂಟರಿನ ಗರಗರ ಸದ್ದು. ಗುಡಿಸುವವರು ಇವತ್ತು ಬೇಗ ಬಂದು ಸ್ವಿಚ್ ಹಾಕಿಬಿಟ್ಟಿದ್ದಾರೆ! ಪ್ರಿಂಟರಕ್ಕ ಸರ್ವರಿನಲ್ಲಿ ಸರದಿ ನಡೆಸುವ ಸ್ಪೂಲರ್ ನಿಲ್ಲಿಸಿ, ಮಂಡಿನೋವು ಮರೆತು ಓಡುತ್ತಾರೆ. ಹಿಂದೆ ವಾಚ್‌ಮನ್, ಅವನ ಹಿಂದೆ ನಾನು. ಪ್ರಿಂಟರಿನಿಂದ ಹಾಳೆಯೊಂದು ಅರ್ಧ ಹೊರಗೆ ಬಂದು ನಿಂತಿದೆ. ಇವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕೈಯನ್ನಷ್ಟೇ ಹಿಂದಕ್ಕೆ ಚಾಚಿ ಹಾಳೆ ಎಳೆಯುತ್ತಾರೆ. "ನೀವೂ ಆ ಕಡೆ ತಿರುಗಿ ಮೇಡಂ!" ತಿರುಗುತ್ತೇನೆ. ಹಾಳೆ ಚೂರು ಮಾಡುವ ಯಂತ್ರದ ಸದ್ದು ನಿಂತ ಮೇಲೆ ಅಪ್ಪಣೆ ಸಿಗುತ್ತದೆ. ವಾಚ್‌ಮನ್ ನಗುತ್ತಾನೆ. "ಇವರ ಜೊತೆ ಕಾವಲು ಕೂತು ನಂಗೇ ನಾಚಿಕೆ ಆಗತ್ತೆ ಮೇಡಂ. ಕಾಯೋಕೆ ಏನಿದೆ ಇಲ್ಲಿ?"

"ಒಂದ್ಸಲ ನೋಡಿಬಿಡೋಣ ಅಂತ ಅನ್ನಿಸಲೇ ಇಲ್ವಾ?" ಎಂದು ಕೇಳಿಯೇಬಿಡುತ್ತೇನೆ.

"ಅನ್ನಿಸದೇ ಇರತ್ತಾ? ಈಗ್ಲೂ ಅನ್ನಿಸ್ತು. ಅನ್ನಿಸತ್ತೆ ಅಂತಾನೇ ಅಲ್ವಾ ಗೋಡೆ ಕಡೆ ತಿರುಗಿದ್ದು."

ಮತ್ತೆ ಬಂದು ಉಳಿದ ಫೈಲುಗಳನ್ನು ಒಂದೊಂದಾಗಿ ಅಳಿಸಿ, ಸ್ಪೂಲರ್ ಶುರು ಮಾಡಿ, ಸರದಿ ಖಾಲಿಯಾಗಿದೆಯೆಂದು ಎರಡು ಸಲ ನೋಡುತ್ತಾರೆ.

ಪರೀಕ್ಷೆ ಮುಗಿಯುವ ಗಂಟೆ ಬಾರಿಸುವಾಗ ಪ್ರಿಂಟರಕ್ಕ ಮೆಟ್ಟಿಲ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ. ಹುಡುಗ ಹುಡುಗಿಯರು ಗುಂಪುಗುಂಪಾಗಿ ಇಳಿಯುತ್ತಾರೆ. ಮಗಳು ಎಲ್ಲರಿಗಿಂತ ಕೊನೆಗೆ ಬರುತ್ತಾಳೆ. ತಾಯಿ ಎದ್ದು ನಿಂತು, ಮತ್ತೆ ಕೂತು ಪಕ್ಕದಲ್ಲಿ ಜಾಗ ಮಾಡುತ್ತಾರೆ.

ಹುಡುಗಿ ಬಂದು ಬೆಂಚಿನ ಮೇಲೆ ಧೊಪ್ಪನೆ ಕೂರುತ್ತಾಳೆ. "ಒಂದು ಬಿಟ್ಟು ಎಲ್ಲ ಬರೆದೆ. ಪಾಸಾಗ್ತೀನಿ ಅನ್ಸತ್ತೆ. ಆಗದಿದ್ರೆ ಅದು ನನ್ನದು, ನಿಂದಲ್ಲ." ಆಮೇಲೆ ಮಡಿಸಿದ ಪ್ರಶ್ನೆಪತ್ರಿಕೆಯನ್ನು ಬಿಡಿಸಿ ತಾಯಿಯ ತೊಡೆಯ ಮೇಲೆ ಇಡುತ್ತಾಳೆ. "ತಗೋ. ಈಗ ನೋಡಮ್ಮ."

ಪ್ರಿಂಟರಕ್ಕ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನ ಸೂಚನೆಗಳಿಂದ ಹಿಡಿದು ಕೊನೆಯ ಸಾಲಿನವರೆಗೆ ನಿಧಾನವಾಗಿ ಓದುತ್ತಾರೆ. ತಿರುಗಿಸಿ ಹಿಂಬದಿಯನ್ನೂ ಓದುತ್ತಾರೆ. ಒಂದು ಲೆಕ್ಕವೂ ಅರ್ಥವಾಗಿರಲಾರದು. ಕಣ್ಣು ಒರೆಸಿಕೊಂಡು ಮಗಳ ಕಡೆ ನೋಡುತ್ತಾರೆ.

"ಅಯ್ಯೋ, ಇದರಲ್ಲಿರೋದು ಇಷ್ಟೇನಾ!"