ನನಗೊಂದು ಚೌಕಟ್ಟು ಬೇಕಾಗಿತ್ತು

ಗೋಡೆಗೆ ಒರಗಿಸಿಟ್ಟ ಸೈಕಲ್ಲು ಕಂಡರೆ ಲೋಕದ ಜನ ಅದರ ಬಣ್ಣ ನೋಡುತ್ತಾರೆ, ಗಂಟೆ ಬಾರಿಸಿ ನೋಡುತ್ತಾರೆ. ನಾನು ಮಾತ್ರ ಕುಕ್ಕರಗಾಲಿನಲ್ಲಿ ಕೂತು ಅದರ ಎಲುಬು ನೋಡುತ್ತೇನೆ. ಸೀರೆಯುಟ್ಟ, ವಯಸ್ಸಾದ ಹೆಂಗಸೊಬ್ಬಳು ಪರರ ಸೈಕಲ್ಲಿನ ಅಡಿಗೆ ಇಣುಕುವುದು ಸಭ್ಯತೆಯ ಲಕ್ಷಣವಲ್ಲವೆಂದು ಬಲ್ಲೆ. ಆದರೆ ಏನು ಮಾಡಲಿ, ಎಂಬತ್ತರ ದಶಕದ ಆರಂಭದ ಒಂದೇ ಒಂದು ತಿಂಗಳು ನನಗೆ ಹತ್ತಿಸಿದ ಈ ಹುಚ್ಚು ಇಂದಿಗೂ ಇಳಿದಿಲ್ಲ.

ಆಗ ನನಗೆ ಇಪ್ಪತ್ತೆರಡು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ನಾನು ಶಿಕ್ಷಕಿಯ ತರಬೇತಿ ಮುಗಿಸಿ, ಬಾದಾಮಿಯ ಆಚೆಯ ಒಂದು ಪುಟ್ಟ ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ನೇಮಕಗೊಂಡಿದ್ದೆ. ಏಕೋಪಾಧ್ಯಾಯವೆಂದರೆ ಮುಖ್ಯಾಧ್ಯಾಪಕಿಯೂ ನಾನೇ, ಕಸ ಗುಡಿಸುವವಳೂ ನಾನೇ, ಬೀಗದ ಕೈ ಇರುವುದೂ ನನ್ನ ಸೊಂಟದಲ್ಲೇ. ನಾನು ತಡವಾದರೆ ಇಡೀ ಶಾಲೆಯೇ ತಡ. ಬಾದಾಮಿಯ ಬಾಡಿಗೆ ಕೋಣೆಯಿಂದ ಹೊರಟರೆ ಬೆಳಗಿನ ಬಸ್ಸು ಬನಶಂಕರಿಯ ತನಕ. ಅಲ್ಲಿಂದ ಮುಂದೆ ಕೆಂಗಲ್ಲಿನ ಗುಡ್ಡವನ್ನು ಹತ್ತಿ ಇಳಿಯುವ ಬಂಡಿದಾರಿ. ಬಸ್ಸಿಗೆ ಕಾಲನಿಷ್ಠೆಯಿರಲಿಲ್ಲ, ನನಗಿದ್ದದ್ದು ಬರೀ ಕಾಲುನಿಷ್ಠೆ.

ಒಂದು ದಿನ ಏದುಸಿರು ಬಿಡುತ್ತ ಗುಡ್ಡವಿಳಿದು ಬಂದರೆ, ಶಾಲೆಯ ಕಟ್ಟೆಯ ಮೇಲೆ ಮಕ್ಕಳ ಸಾಲಿನಲ್ಲಿ ಇನ್‌ಸ್ಪೆಕ್ಟರ್ ಸಾಹೇಬರೂ ಕೂತಿದ್ದರು! ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಮುಂದಿನ ತಿಂಗಳ ಮೊದಲನೇ ಸೋಮವಾರ ಮತ್ತ ಬರ್ತೇನಿ. ಅವತ್ತೂ ನಿಮಗಿಂತ ನಾನ ಮೊದಲ ಬಂದಿದ್ರ, ಬರಿಯೂದು ಬರಿಯಬೇಕಾಗ್ತದ ನೋಡ್ರಿ,” ಎಂದು ತಣ್ಣಗೆ ಹೇಳಿ ಎದ್ದರು.

ಆ ರವಿವಾರ ಇಳಕಲ್ಲಿಗೆ ಹೋಗಿ ಮನೆಯಲ್ಲಿ ಸಂಗತಿ ತಿಳಿಸಿದೆ. ಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಅಪ್ಪ ಲಾಳಿಯನ್ನು ನಿಲ್ಲಿಸದೆಯೇ ತೀರ್ಪು ಕೊಟ್ಟರು: “ಬಿಟ್ಟು ಬಾ. ಮನ್ಯಾಗ ಮಗ್ಗ ಐತಿ.” ಸೈಕಲ್ಲು ಕೊಳ್ಳುತ್ತೇನೆಂದಾಗ ಮಾತ್ರ ಲಾಳಿ ನಿಂತಿತು. ಚಿಕ್ಕಂದಿನಲ್ಲಿ ಅಣ್ಣನ ಸೈಕಲ್ಲು ಕದ್ದು ಕಲಿತದ್ದು ಅವರಿಗೆ ಗೊತ್ತಿತ್ತು. ಕದ್ದದ್ದನ್ನು ಕ್ಷಮಿಸಿದ್ದರು, ಕಲಿತದ್ದನ್ನಲ್ಲ.

“ಹೆಣ್ಣಮಕ್ಕಳಿಗೆ ಒಂದು ಚೌಕಟ್ಟು ಅಂತ ಇರಬೇಕವಾ,” ಎಂದರು.

“ನಾನೂ ಅದನ್ನ ಹುಡಕಾಕ ಹತ್ತೀನಿ, ಅಪ್ಪಾ,” ಎಂದೆ.

ಅವ್ವ ಒಳಗಿನಿಂದ ಕಿಸಕ್ಕನೆ ನಕ್ಕಳು. ಅಪ್ಪ ನಗಲಿಲ್ಲ.

ಶ್ಲೇಷೆ ಮಾಡಿದೆನಾದರೂ ಮಾತು ಸತ್ಯವೇ ಆಗಿತ್ತು. ಹೊಸ ಸೈಕಲ್ಲು ನನ್ನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಹಳೆಯದೊಂದು ಉಕ್ಕಿನ ಚೌಕಟ್ಟನ್ನು ಆಯ್ದುಕೊಂಡು ಮಿಕ್ಕ ಅಂಗಾಂಗಗಳನ್ನು ಒಂದೊಂದಾಗಿ ಕೂಡಿಸುವುದೆಂದು ಇಳಕಲ್ಲಿನ ಬಸ್‌ ಸ್ಟ್ಯಾಂಡಿನ ಬದಿಯಲ್ಲಿ ಸೈಕಲ್ ರಿಪೇರಿ ಮಾಡುವ ರಾಜೇಸಾಬ ಉಪಾಯ ಹೇಳಿದ್ದ. ಚಕ್ರ, ಸರಪಳಿ, ಸೀಟು ಕೆಟ್ಟರೆ ಬದಲಾಯಿಸಬಹುದು. ಚೌಕಟ್ಟು ಕೆಟ್ಟರೆ ಸೈಕಲ್ಲನ್ನೇ ಬದಲಾಯಿಸಬೇಕು. ಈ ತತ್ತ್ವವನ್ನು ಕೇಳಿದ ಕ್ಷಣದಿಂದ ನನಗೆ ರಾತ್ರಿಯೂ ಹಗಲೂ ತ್ರಿಕೋನಗಳೇ ಕಾಣತೊಡಗಿದವು. ಬಾದಾಮಿಯ ಸಂತೆಯಲ್ಲಿ ಬದನೆಕಾಯಿ ಆರಿಸುವುದನ್ನು ಬಿಟ್ಟು, ವ್ಯಾಪಾರಿಯ ಹಿಂದೆ ನಿಂತ ಸೈಕಲ್ಲಿನ ಕೀಲುಗಳನ್ನು ದಿಟ್ಟಿಸುತ್ತಿದ್ದೆ. ಆತ ನನ್ನನ್ನು ಕಳ್ಳಿಯೆಂದುಕೊಂಡನೋ ಹುಚ್ಚಿಯೆಂದುಕೊಂಡನೋ, ಬದನೆಕಾಯಿಯನ್ನು ಬೇಗಬೇಗನೆ ತೂಗಿ ಕಳಿಸಿಬಿಟ್ಟ.

ಮರುವಾರ ಇಳಕಲ್ಲಿಗೆ ಹೋದಾಗ ರಾಜೇಸಾಬ ಮೂರು ಚೌಕಟ್ಟುಗಳನ್ನು ತರಿಸಿ ಗೋಡೆಗೆ ಒರಗಿಸಿದ್ದ. ಒಂದು, ಹೆಂಗಸರಿಗೆಂದೇ ಮೇಲಿನ ನಳಿಗೆಯನ್ನು ತಗ್ಗಿಸಿದ್ದು. ಅದನ್ನು ಅವನೇ ಬೇಡವೆಂದ: “ಡಾಂಬರಿಗೆ ಇದು ಚೆಂದರಿ, ಅಕ್ಕೋರ. ನಿಮ್ಮ ಗುಡ್ಡದಾಗ ನಾಕ ದಿನಕ್ಕ ನಡು ಬಿಡತೈತಿ.” ಎರಡನೆಯದು ಬಾಗಲಕೋಟೆಯಿಂದ ಬಂದ, ಥಳಥಳಿಸುವ ಕೆಂಪು ಸುಂದರಿ. ಮೂರನೆಯದು ಕಲ್ಲುಕ್ವಾರಿಯಲ್ಲಿ ವರ್ಷಾನುಗಟ್ಟಲೆ ದುಡಿದು, ಬಣ್ಣವೆಲ್ಲ ಉದುರಿ, ಮೈತುಂಬ ತರಚಿಕೊಂಡಿದ್ದ ಕರಿಯ. ಎತ್ತಿ ನೋಡಿದೆ; ನನ್ನ ಭುಜವೇ ಇಳಿಯಿತು.

ನಾನು ಹೆಣ್ಣಲ್ಲವೇ, ಅದಕ್ಕಿಂತ ಮಿಗಿಲಾಗಿ ಮನುಷ್ಯಳಲ್ಲವೇ, ಮನಸ್ಸು ಕೆಂಪಿಗೇ ಜಾರಿತು. ಅದು ಹಗುರ, ಅಗ್ಗ, ಮೇಲಾಗಿ ಚೆಲುವೆ. “ಇದನ್ನೇ ಕೊಡಿ,” ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕೆಮ್ಮು ಕೇಳಿತು. ತಿರುಗಿದರೆ ಅಪ್ಪ! ಸೈಕಲ್ಲಿನ ಆಸೆ ಬಿಡಿಸಿ ನನ್ನನ್ನು ಮನೆಗೆ ಕರೆದೊಯ್ಯಲು ಬಂದವರು ಅದೆಷ್ಟು ಹೊತ್ತಿನಿಂದ ನಿಂತಿದ್ದರೋ. ಕೆಂಪು ಚೌಕಟ್ಟಿನ ಮುಂದೆ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ರೇಷ್ಮೆ ಎಳೆಯ ಉಂಡೆಯೊಂದನ್ನು ತೆಗೆದು, ಹಿಂದಿನ ಚಕ್ರ ಕೂಡುವ ಒಂದು ತುದಿಗೆ ಕಟ್ಟಿ, ಹ್ಯಾಂಡಲ್ಲು ಕೂರುವ ಮುಂದಿನ ಕತ್ತನ್ನು ಸುತ್ತಿಸಿ ತಂದು ಇನ್ನೊಂದು ತುದಿಗೆ ಬಿಗಿದರು. ಸೀಟಿನ ನಳಿಗೆಗೂ ಎಳೆಗೂ ನಡುವಿನ ಸಂದಿಗೆ ಬೆರಳಿಟ್ಟರು. ಎಡಕ್ಕೆ ಎರಡು ಬೆರಳು ಹಿಡಿಯಿತು. ಬಲಕ್ಕೆ ಒಂದೇ.

“ಮಗ್ಗದಾಗ ಹಾಸು ಇಷ್ಟು ಸೊಟ್ಟ ಇದ್ರ, ಆ ಸೀರಿ ನಮ್ಮ ಮನಿ ನಾಯಿನೂ ಉಡಾಂಗಿಲ್ಲ,” ಎಂದರು.

ರಾಜೇಸಾಬ ಗಾಬರಿಯಾಗಿ ನಟ್ಟು ಬಿಚ್ಚುವ ಪಾನಾ ತಂದು ನಳಿಗೆಯನ್ನು ಬಡಿದ. ಒಂದು ಜಾಗದಲ್ಲಿ ಠಣ್ ಎನ್ನಬೇಕಾದದ್ದು ಥಪ್ ಎಂದಿತು. ಬಣ್ಣ ಕೆರೆದರೆ ಹಳೆಯ ಮುರಿತಕ್ಕೆ ಹಾಕಿದ ಬೆಸುಗೆ. “ನನಗೂ ಟೊಪಗಿ ಹಾಕ್ಯಾನ ನೋಡ್ರಿ ಆ ಬಾಗಲಕೋಟಿಯಂವಾ!” ಎಂದು ತಲೆಯ ಮೇಲೆ ಕೈಹೊತ್ತುಕೊಂಡ.

ಅಪ್ಪ ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವರು ಬಂದ ಕೆಲಸ ಆಗಿಹೋಗಿತ್ತು. ಆದರೆ ಎಳೆ ಹಿಡಿದ ಕೈ ಸುಮ್ಮನಿರಬೇಕಲ್ಲ! ಕರಿಯನಿಗೂ ಎಳೆ ಸುತ್ತಿದರು. ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು. ಮತ್ತೊಮ್ಮೆ ಅಳೆದರು. ಪಾನಾ ಈಸಿಕೊಂಡು ತಾವೇ ಬಡಿದರು. ಗುಡಿಯ ಗಂಟೆಯಂತೆ ನಾದ ಬಂತು. ಅವರ ಮುಖದಲ್ಲಿ, ಒಳ್ಳೆಯ ಸೆರಗು ಮಗ್ಗದಿಂದಿಳಿದಾಗ ಮಾತ್ರ ಕಾಣುತ್ತಿದ್ದ ಬೆಳಕು ಕಂಡಿತು. ನಾನು ಕಾದೆ.

“ಇದನ್ನ ಕಟ್ಟೋ ರಾಜಾ,” ಎಂದರು ಅಪ್ಪ. “ಕಲ್ಲಿನ ದಾರಿ ಐತಿ. ದಪ್ಪನ ಟೈರ್ ಹಾಕು.”

ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬೀದಿಯಲ್ಲೇ ಅತ್ತುಬಿಡುತ್ತಿದ್ದೆ.

ಮುಂದಿನ ದಿನಗಳು ಮದುವೆಮನೆಯ ಸಡಗರದಲ್ಲಿ ಕಳೆದವು. ಹೇರು ಹೊರುವ ಸೈಕಲ್ಲಿನ ಟೈರುಗಳು ಬಂದವು; ಏರು ಹತ್ತಲೆಂದು ಹಿಂದಿನ ಹಲ್ಲುಚಕ್ರ ದೊಡ್ಡದಾಯಿತು. ಮೇಲಿನ ಅಡ್ಡನಳಿಗೆಯನ್ನು ಸೀರೆಯಲ್ಲಿ ದಾಟುವುದು ಹೇಗೆಂಬ ಜಟಿಲ ಪ್ರಶ್ನೆಯನ್ನು ಅವ್ವ ಬಗೆಹರಿಸಿದಳು: “ನಿಮ್ಮಜ್ಜಿ ಕಚ್ಚಿ ಹಾಕ್ಕೊಂಡು ಬಂಡಿ ಹೊಡೀತಿದ್ಳು. ನಿನಗೇನ ಧಾಡಿ?” ಸೈಕಲ್ಲು ಸಿದ್ಧವಾದ ರವಿವಾರ ಅಪ್ಪ ತಾವೇ ಬಾದಾಮಿ ಬಸ್ಸಿನ ನೆತ್ತಿಗೇರಿ, ಮಗ್ಗದ ಹಗ್ಗದಿಂದ ಅದನ್ನು ಏಳು ಗಂಟು ಬಿಗಿದು ಇಳಿದರು.

ಮರುದಿನವೇ ಆ ಸೋಮವಾರ. ಬಾದಾಮಿಯಿಂದ ನಸುಕಿನಲ್ಲೇ ಹೊರಟೆ. ಬನಶಂಕರಿ ದಾಟಿ ಗುಡ್ಡದ ಏರಿನಲ್ಲಿ ಕರಿಯ ಉಸ್ಸೆನ್ನಲಿಲ್ಲ, ಉಸ್ಸೆಂದವಳು ನಾನೇ. ನೆತ್ತಿಯಿಂದ ಇಳಿಜಾರಿಗೆ ಬಿಟ್ಟೆ ನೋಡಿ! ಕಲ್ಲುಗಳು ಪಟಪಟನೆ ಸಿಡಿದವು, ಹಲ್ಲುಗಳು ಕಟಕಟಿಸಿದವು, ಸೆರಗು ಬಾವುಟವಾಯಿತು. ಒಂದು ಕಡೆ ಎರಡೂ ಗಾಲಿ ನೆಲ ಬಿಟ್ಟು, ಧಡಲ್ಲನೆ ಮತ್ತೆ ನೆಲಕ್ಕೆ ಬಿದ್ದವು. ಮುರಿಯಿತೆಂದುಕೊಂಡೆ. ಚೌಕಟ್ಟು ಒಮ್ಮೆ ಗುಂಯ್ ಎಂದು ನೇರವಾಗಿ ಮುಂದೆ ನಡೆಯಿತು. ನಾನು ಕೂಗಿದೆ, ಭಯದಿಂದಲ್ಲ. ಆ ಗುಡ್ಡದಲ್ಲಿ ಹಾಗೆ ಕೂಗಿದ ಮೊದಲ ಸರ್ಕಾರಿ ನೌಕರಳು ನಾನೇ ಇರಬೇಕು.

ಶಾಲೆ ತಲುಪಿದಾಗ ಕಟ್ಟೆ ಬರಿದಾಗಿತ್ತು. ಬೀಗ ತೆಗೆದೆ, ಕಸ ಗುಡಿಸಿದೆ, ಹಲಗೆಯ ಮೇಲೆ ಸುವಿಚಾರ ಬರೆದೆ. ಯಾರೂ ಬರಲಿಲ್ಲ. ಇಷ್ಟು ಬೇಗ ಬಂದವರು ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಸಂತೋಷ ತಡೆಯಲಾರದೆ, ಹೊತ್ತಿಗೆ ಮುಂಚೆಯೇ, ಗಂಟೆ ಬಾರಿಸಿಬಿಟ್ಟೆ.

ಊರು ಬೆಚ್ಚಿತು. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಮಕ್ಕಳು ಓಡಿಬಂದರು; ತಾಯಂದಿರು ಸೂರ್ಯನನ್ನು ನೋಡಿ ಗೊಣಗಿದರು. ಅವರೆಲ್ಲರ ಹಿಂದೆ, ಕಂಕುಳಲ್ಲಿ ಫೈಲು ಅವಚಿಕೊಂಡು, ಧೂಳೆಬ್ಬಿಸುತ್ತ ಓಡೋಡಿ ಬರುತ್ತಿದ್ದರು ಇನ್‌ಸ್ಪೆಕ್ಟರ್ ಸಾಹೇಬರು. ಅವರು ತಮ್ಮ ಕೈಗಡಿಯಾರವನ್ನು ಬಿಚ್ಚಿ, ಅದು ನಡೆಯುತ್ತಿದೆಯೋ ಇಲ್ಲವೋ ಎಂದು ಕಿವಿಗೆ ಹಿಡಿದಿದ್ದರು.