ಮಾಮಾ, ನಿಮ್ಮ ಕಣ್ಣು ತಪ್ಪಿರಲಿಲ್ಲ

ಆ ಬೆಳಗ್ಗೆ ನೀವು ಹೇಳಿದ ಒಂಟಿ ಗುಂಡನ್ನು ನಾನು ಬಂದೂಕಿಗೆ ತುಂಬಲಿಲ್ಲ ಮಾಮಾ. ಹಕ್ಕಿ ಹೊಡೆಯುವ, ಸಣ್ಣ ಸೀಸದ ಕಾಳುಗಳಿರುವ ಚರೆಯ ಕಾಡತೂಸು ತುಂಬಿದೆ. ಬೇಕಂತಲೇ.

ಜಿಂಕೆಗೆ ಬಂದೂಕು ಎತ್ತಿದ್ದೇ ಅಪರಾಧ — ಅದು ಇಬ್ಬರಿಗೂ ಗೊತ್ತಿತ್ತು. ನಿಮಗೆ ಪರವಾನಗಿ ಇದ್ದದ್ದು ಕಣಕುಂಬಿಯ ಗದ್ದೆ ಕಾಯಲಿಕ್ಕೆ. ನಾನೋ, ಮೊಟ್ಟೆ ಮುಟ್ಟಿದರೂ ಸ್ನಾನ ಮಾಡಿಸುವ ಬೆಳಗಾವಿಯ ಲಿಂಗಾಯತರ ಮನೆಯವನು. ಅಪ್ಪನ ಗೆಳೆಯರಾದ ನಿಮ್ಮ ಊರಲ್ಲಿ ಕಾಡು ನೋಡಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದವನು. ಸುಳ್ಳು ಅಲ್ಲಿಂದಲೇ ಶುರು.

ನಿಮ್ಮದೊಂದು ರೂಢಿ: ತುಂಬುವವನೊಬ್ಬ, ಹೊಡೆಯುವವನೊಬ್ಬ. ಹೊಡೆಯುವವನು ನಳಿಗೆ ಬಿಚ್ಚಿ ನೋಡಿದರೆ ಜೊತೆಗಾರನನ್ನು ನಂಬಲಿಲ್ಲವೆಂದು ಅರ್ಥ. ಮುಂಗಾಲಿನ ಹಿಂದೆ, ಗುಂಡಿಗೆ ಇರುವಲ್ಲಿ, ಒಂದೇ ದೊಡ್ಡ ಗುಂಡು — ಸತ್ತದ್ದು ಜೀವಕ್ಕೇ ತಿಳಿಯಬಾರದು ಅನ್ನುತ್ತಿದ್ದಿರಿ. ಅಂಥ ಏಟು ಸಿಗದಿದ್ದರೆ ಬರಿಗೈಯಲ್ಲಿ ತಿರುಗುತ್ತಿದ್ದಿರಿ.

ನನಗೋ ಚಿಂತೆ ಹತ್ತಿತು. ಗುಂಡು ಜಿಂಕೆಯನ್ನು ದಾಟಿ ಮಂಜಿನಾಚೆ ಹೋದರೆ? ಅಲ್ಲಿ ಯಾರಾದರೂ ಕಟ್ಟಿಗೆ ಆರಿಸುತ್ತಿದ್ದರೆ? ಚರೆಯಾದರೆ ಅಷ್ಟು ದೂರ ಹೋಗದು... ನಿಮಗೇ ಹೇಳಬಹುದಿತ್ತು. ಪುಕ್ಕಲ ಎಂದು ನಗುತ್ತೀರೆಂದು ಹೇಳಲಿಲ್ಲ. ಊರಿನವರೆಲ್ಲರ ಚಿಂತೆ ಮಾಡಿದೆ. ಎದುರಿಗೆ ಬರಲಿದ್ದ ಜಿಂಕೆಯದೊಂದು ಬಿಟ್ಟು.

ಮಂಜು ಹಾಲಿನ ಕೆನೆಯಂತೆ ಸರಿಯಿತು. ಜಿಂಕೆ ನಿಂತಿತ್ತು, ಕಿವಿಯಷ್ಟೇ ಅಲುಗುತ್ತ — ಅದರ ಕನಸಿನೊಳಗೆ ನಾವೇ ಹೊಕ್ಕಂತೆ. ನೀವು ಹೊಡೆದದ್ದು ಸರಿಯಾದ ಜಾಗಕ್ಕೇ, ನಾನು ಕಂಡೆ; ಚರೆ ಗುಂಡಿಗೆಯವರೆಗೆ ಇಳಿಯಲಿಲ್ಲ. ಜಿಂಕೆ ಕುಸಿಯಿತು, ಎದ್ದಿತು, ಬಿಳುಪಿನೊಳಗೆ ಕರಗಿತು. ರಕ್ತದ ಹನಿ ಹಿಡಿದು ಮಧ್ಯಾಹ್ನದವರೆಗೆ ನಡೆದೆವು. ಹಳ್ಳದ ದಂಡೆಯಲ್ಲಿ ಹನಿಯೂ ಮುಗಿಯಿತು. ನಳಿಗೆಯಿಂದ ನಾನೇ ತೆಗೆದ ಖಾಲಿ ಕಾಡತೂಸು ನನ್ನ ಕಿಸೆಯಲ್ಲಿತ್ತು.

ಬಂಡೆಯ ಮೇಲೆ ಕುಳಿತು ನೀವೆಂದಿರಿ: "ನನ್ನ ಕಣ್ಣು ಹೋದೂವೋ ತಮ್ಮಾ. ಇನ್ನ ಬಂದೂಕ ಹಿಡಿಯೂದು ಪಾಪ."

"ಮಂಜ ಭಾಳ ಇತ್ತಲ್ರೀ ಮಾಮಾ," ಎಂದೆ. ಅಷ್ಟೇ.

ಬಂದೂಕನ್ನು ಠಾಣೆಗೆ ಒಪ್ಪಿಸಿದಿರಿ. ಆಮೇಲೆ ಮೋಟರ್ ಸೈಕಲ್ಲಿನ ಕೀಲಿಯನ್ನು ಮಗಳಿಗೆ ಕೊಟ್ಟಿರಿ. ಮೊಮ್ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವುದನ್ನೂ ಬಿಟ್ಟಿರಿ. ಬೆಳಗಾವಿಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದವನು ನಾನೇ — ನನ್ನ ಕಾಳಜಿ ನೋಡಿ! ಕಣ್ಣುಗಳು ಚೆನ್ನಾಗಿಯೇ ಇವೆ ಎಂದರು ಅವರು. ಹೊರಗೆ ಬಂದು ನೀವು ನಕ್ಕಿರಿ: "ಡಾಕ್ಟರಗ ಏನ ಗೊತ್ತು, ಜಿಂಕಿಗೆ ಗೊತ್ತೈತಿ."

ನಾನೂ ನಕ್ಕೆ. ಚರೆ ತುಂಬಿದ್ದು ಒಂದು ಕ್ಷಣದ ಅಂಜಿಕೆ. ಆ ನಗು ಮಾತ್ರ...

ಇವತ್ತಿಗೂ ಬೀಗ ಹಾಕಿ ಎರಡು ಸಲ ಎಳೆದು ನೋಡುವವನು ನಾನು. ಆದರೂ ನನ್ನ ತಪ್ಪಿಗೆ ಸಾಕ್ಷಿಯಾದ ಆ ಕಾಡತೂಸನ್ನು ಎಸೆಯಲಾಗಲಿಲ್ಲ. ಜಿಂಕೆಯ ಹತ್ತಿರ ಹೋಗಿ ಹೇಳಲು ದಾರಿಯಿಲ್ಲ, ನಿಮ್ಮ ಮನೆಗಿದೆ. ಭಾನುವಾರ ಬರುತ್ತೇನೆ. ಅದನ್ನು ನಿಮ್ಮ ಅಂಗೈಯಲ್ಲಿಡುತ್ತೇನೆ. ಅದರ ಮೇಲೆ ಚರೆಯ ಅಳತೆಯ ಸಣ್ಣ ಅಂಕಿಯೊಂದಿದೆ — ನೀವೇ ಓದಿ ಮಾಮಾ. ನಿಮಗೆ ಕಾಣುತ್ತದೆ.